ಬಂದು ಮಾಯವಾಗುವ ದೋಷ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಹೊಸೂರಿನ ಸುತ್ತಮುತ್ತ ಕಾರ್ಖಾನೆಗಳು ಬಹಳವಾಗಿವೆ. ಈ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹಲವರು ಅಲ್ಲಿ ದುಡಿಯುತ್ತಿದ್ದಾರೆ. ಅಂಥ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನನಗೆ ಹೇಳಿದ ಸಂಗತಿಯೊಂದನ್ನು ತಮ್ಮ ಮುಂದಿಡಬಯಸುತ್ತೇನೆ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಅವನು ತಿಳಿಸಿದಂತೆ ಹೇಳುತ್ತೇನೆ.

ಹಿಂದೆ ಯಂತ್ರಗಳನ್ನು ನಡೆಸಲು ಗೋಡೆಯಗಲ ರಿಲೇಗಳನ್ನು ತಂತಿಯಿಂದ ಹೆಣೆಯುತ್ತಿದ್ದರು. ಕೆಲಸದ ಕ್ರಮ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಒಂದು ವಿಭಾಗವು ಇದಕ್ಕೆ ಪರಿಹಾರ ಕೇಳಿತು. ರಿಚರ್ಡ್ ಮೋರ್ಲಿ ಮತ್ತು ಅವರ ಸಂಗಡಿಗರು ರೂಪಿಸಿದ ಸಾಧನವು ಅವರ 84ನೆಯ ಯೋಜನೆಯಾದುದರಿಂದ ‘ಮೋಡಿಕಾನ್ 084’ ಎನಿಸಿತು. ಇಂದಿನ ಪಿ.ಎಲ್.ಸಿ. ಎಂಬ ಕಂಟ್ರೋಲರುಗಳು ಆ ಸಂತತಿಯವು. ಅವುಗಳ ಆಜ್ಞೆಗಳನ್ನು ಏಣಿಯ ಆಕಾರದಲ್ಲಿ ಬರೆಯುವ ರೂಢಿಯುಂಟು. ಒಂದೊಂದು ಮೆಟ್ಟಿಲಿನಲ್ಲಿಯೂ ಎಡಗಡೆ ಷರತ್ತುಗಳು, ಬಲಗಡೆ ಫಲ. ಷರತ್ತುಗಳೆಲ್ಲ ಕೂಡಿಬಂದರೆ ಮೋಟಾರು ತಿರುಗುತ್ತದೆ. ಒಂದು ತಪ್ಪಿದರೂ ನಿಲ್ಲುತ್ತದೆ. ಕಂಟ್ರೋಲರು ಸೆಕೆಂಡಿಗೆ ಹತ್ತಾರು ಸಲ ಸ್ವಿಚ್ಚುಗಳ ಸ್ಥಿತಿಯನ್ನು ಓದಿ, ಏಣಿಯನ್ನು ಮೇಲಿಂದ ಕೆಳಕ್ಕೆ ಪರಿಶೀಲಿಸಿ, ಆಜ್ಞೆ ಕೊಡುತ್ತಲೇ ಇರುತ್ತದೆ.

ಅವನ ಕಾರ್ಖಾನೆಯಲ್ಲಿ ಒಂದು ಕನ್ವೇಯರ್ ಬೆಲ್ಟು ದಿನಕ್ಕೆ ಒಂದೆರಡು ಸಲ ತಾನಾಗಿ ನಿಲ್ಲುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಮತ್ತೆ ಓಡುತ್ತಿತ್ತು. ಪರೀಕ್ಷಿಸಲು ಹೋದಾಗ ಎಲ್ಲವೂ ಸರಿ! ಚಳಿಜ್ವರದವನು ವೈದ್ಯರ ಮನೆ ಸೇರುವಷ್ಟರಲ್ಲಿ ಜ್ವರ ಇಳಿದಂತೆ. ರಾತ್ರಿ ಪಾಳಿಯ ಕೆಲಸಗಾರನೊಬ್ಬನು ಬೇಕೆಂದೇ ಕೆಂಪು ಗುಂಡಿ ಒತ್ತುತ್ತಾನೆಂದು ಮೇಲ್ವಿಚಾರಕರು ಸಂಶಯಪಟ್ಟರು. ಆ ಬಡವನ ಅನ್ನಕ್ಕೇ ಕುತ್ತು ಬಂದಿತು.

ಕೆಲವರು ಏಣಿಯ ಬರಹವನ್ನೇ ತಿದ್ದೋಣವೆಂದರು. ನಮ್ಮ ಹುಡುಗನು ಒಪ್ಪಲಿಲ್ಲ. “ತಿಂಗಳುಗಟ್ಟಲೆ ಸರಿಯಾಗಿ ನಡೆದ ಬರಹ ತಾನಾಗಿ ಬದಲಾಗದು, ಮೊದಲು ಸಾಕ್ಷ್ಯ ಕೂಡಿಸೋಣ” ಎಂದನು. ಬೆಲ್ಟು ನಿಂತ ಹೊತ್ತನ್ನೂ ಆಗ ಸುತ್ತ ಏನು ನಡೆಯುತ್ತಿತ್ತೆಂಬುದನ್ನೂ ಪುಸ್ತಕದಲ್ಲಿ ಬರೆಯಿಸಿದನು. ಹಸಿರು ಗುಂಡಿ ಒತ್ತುವ ಮೊದಲು ಕಂಟ್ರೋಲರಿನಲ್ಲಿ ಮೋಟಾರಿನ ದೀಪವನ್ನು ನೋಡಲು ಹೇಳಿದನು. ದೀಪ ಉರಿಯುತ್ತಿದ್ದರೆ ದೋಷ ಮೋಟಾರಿನ ಕಡೆ. ಆರಿದ್ದರೆ ಷರತ್ತುಗಳ ಕಡೆ. ಪ್ರತಿಸಲವೂ ದೀಪ ಆರಿತ್ತು. ಹುಡುಕಬೇಕಾದ ಕ್ಷೇತ್ರ ಅರ್ಧಕ್ಕಿಳಿಯಿತು.

ಬಳಿಕ ಅವನು ಮೋಟಾರಿನ ಮೆಟ್ಟಿಲನ್ನು ಮುಟ್ಟದೆ, ಅದರ ಮೇಲೆ ಕೆಲವು ಕಾವಲು ಮೆಟ್ಟಿಲುಗಳನ್ನು ಸೇರಿಸಿದನು. ಬೆಲ್ಟು ಓಡುತ್ತಿರುವಾಗ ಯಾವ ಷರತ್ತು ಮೊದಲು ತಪ್ಪಿತೋ ಅದರ ಗುರುತನ್ನು ಮಾತ್ರ ಹಿಡಿದಿಡುವುದು ಅವುಗಳ ಕೆಲಸ. ಕ್ಷಣಮಾತ್ರ ತಪ್ಪಿ ಮತ್ತೆ ಸರಿಹೋದರೂ ಗುರುತು ಅಳಿಯದು. ಮರುದಿನವೇ ಕಳ್ಳ ಸಿಕ್ಕಿದನು. ಕೆಂಪು ಗುಂಡಿಯ ಗುರುತು ಬಿದ್ದಿರಲಿಲ್ಲ. ರಕ್ಷಣೆಯ ಬಾಗಿಲಿನ ಸ್ವಿಚ್ಚಿನ ಗುರುತು ಬಿದ್ದಿತ್ತು. ಪುಸ್ತಕವನ್ನು ತೆಗೆದು ನೋಡಿದರೆ, ನಿಂತಾಗಲೆಲ್ಲ ಪಕ್ಕದ ದೊಡ್ಡ ಪ್ರೆಸ್ಸು ನಡೆಯುತ್ತಿತ್ತು. ಅದರ ಅದುರುವಿಕೆಗೆ ಆ ಸ್ವಿಚ್ಚಿನ ಸಡಿಲವಾದ ತಂತಿಯೊಂದು ಕ್ಷಣಕಾಲ ಬಿಡುತ್ತಿತ್ತು.

ಆಗ ಒಬ್ಬರು, “ಆ ಸ್ವಿಚ್ಚನ್ನೇ ಬೈಪಾಸ್ ಮಾಡಿಬಿಡು” ಎಂದರಂತೆ. ಕೈಬೆರಳುಗಳನ್ನು ಕಾಯುವ ಸ್ವಿಚ್ಚು ಅದು! ಅವನು ತಂತಿಯನ್ನು ಬಿಗಿದು, ಬಾಗಿಲು ತೆರೆದರೆ ಬೆಲ್ಟು ನಿಲ್ಲುವುದೆಂದು ಪರೀಕ್ಷಿಸಿ, ಕಾವಲು ಮೆಟ್ಟಿಲುಗಳನ್ನು ಹಲವು ದಿನ ಹಾಗೆಯೇ ಇಟ್ಟನು. ದೋಷ ಮರಳಲಿಲ್ಲ. ಕೆಲಸಗಾರನ ಮೇಲಿನ ಅಪವಾದವೂ ನೀಗಿತು.

ಪ್ರಿಯ ವಿದ್ಯಾರ್ಥಿಗಳೇ, ಅವನು ಮಾಡಿದ್ದು ನಿಮ್ಮ ವಿಜ್ಞಾನದ ಪಾಠದ ಕ್ರಮವೇ: ನೋಡು, ಬರೆದಿಡು, ವಿಭಾಗಿಸು, ಒಂದು ಸಲಕ್ಕೆ ಒಂದನ್ನೇ ಬದಲಿಸು, ಮತ್ತೆ ಪರೀಕ್ಷಿಸು. ಅವನು ಅದನ್ನು ಕಲಿತದ್ದು ಕನ್ನಡದಲ್ಲಿ. ಪೋಷಕರಲ್ಲಿಯೂ ನನ್ನದೊಂದು ವಿನಂತಿ. ಒಮ್ಮೆ ಚೆನ್ನಾಗಿ, ಒಮ್ಮೆ ಕೆಟ್ಟದಾಗಿ ಓದುವ ಮಗುವನ್ನು ಕೂಡಲೇ ಸೋಮಾರಿಯೆಂದು ಜರೆಯದಿರಿ. ಎಲ್ಲಿಯೋ ಒಂದು ತಂತಿ ಸಡಿಲವಾಗಿರಬಹುದು, ತಾಳ್ಮೆಯಿಂದ ಹುಡುಕೋಣ.