ಗುಲಾಮರ ಬೈಬಲ್ಲಿನಿಂದ ಕಿತ್ತ ಹಾಳೆಗಳು
(ಬಬ್ಬೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಜೀತ ಅಂದರೇನು ಅಂತ ಹಿರಿಯೂರು ಸೀಮೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯೋದು. ನಮ್ಮಲ್ಲಿ ಇದಕ್ಕೆ ಕರ್ಮ ಅಂದರು. ಅಮೆರಿಕದಲ್ಲಿ ಕಪ್ಪು ಜನರನ್ನು ಕೊಂಡು ಮಾರಿದವರು ದೇವರ ಇಚ್ಛೆ ಅಂದರು. ದಾಸರು ಒಡೆಯರಿಗೆ ವಿಧೇಯರಾಗಿರಬೇಕು ಅಂತ ಪೌಲನ ಹೆಸರಿನ ಪತ್ರದಲ್ಲಿದೆಯಲ್ಲ, ಅದೇ ಅವರಿಗೆ ಆಧಾರ.

ಅದೇ ಬೈಬಲ್ ಹಿಡಿದು ಎದುರು ನಿಂತವರೂ ಇದ್ದರು. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ನಾಲ್ಕು ಜನ ಕ್ರೈಸ್ತರು ತಮ್ಮ ಕ್ವೇಕರ್ ಸಭೆಗೇ ಅರ್ಜಿ ಬರೆದರು. ನಮಗೆ ಯಾರೂ ಮಾಡಬಾರದ್ದನ್ನು ನಾವು ಇನ್ನೊಬ್ಬರಿಗೆ ಮಾಡೋದು ಹೇಗೆ? ಮನುಷ್ಯನನ್ನು ಕದ್ದವನೂ, ಕದ್ದವನಿಂದ ಕೊಂಡವನೂ ಒಂದೇ ಅಲ್ಲವೆ? ಇದು ಅವರ ವಾದ. ಸಭೆ ಅರ್ಜಿಯನ್ನು ಮೇಲಿನ ಸಭೆಗೆ ದಾಟಿಸಿತು, ಅದು ಇನ್ನೂ ಮೇಲಕ್ಕೆ. (ಅರ್ಜಿ ಅಂದರೆ ಎಲ್ಲಾ ಕಡೆ ಹಿಂಗೇ!) ಅಲ್ಲಿನ ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ಕಟ್ಟುನಿಟ್ಟು ಮಾಡಿದ್ದು 1776ರಲ್ಲಿ. ಎಂಬತ್ತೆಂಟು ವರ್ಷ ಬೇಕಾಯಿತು.

ಇನ್ನೊಂದು ಸಂಗತಿ ಕೇಳಿ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚು ಹಾಕಿದರು. ಈಜಿಪ್ಟಿನ ಜೀತದಿಂದ ಮೋಶೆ ತನ್ನ ಜನರನ್ನು ಬಿಡಿಸಿಕೊಂಡು ಹೋದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಅನ್ನೋ ಭೇದವಿಲ್ಲ ಎಂಬ ಮಾತೂ ಇಲ್ಲ. ವಿಧೇಯರಾಗಿರಿ ಅನ್ನೋದನ್ನು ಮಾತ್ರ ಜೋಪಾನವಾಗಿ ಉಳಿಸಿದರು. ಅವರ ಹೆದರಿಕೆ ಸುಳ್ಳಲ್ಲ. ಗುಲಾಮನಾಗಿ ಹುಟ್ಟಿ, ಒಡೆಯನ ಕಣ್ಣು ತಪ್ಪಿಸಿ ಓದು ಕಲಿತ ಫ್ರೆಡರಿಕ್ ಡಗ್ಲಾಸ್ 1845ರ ಆತ್ಮಕಥೆಯಲ್ಲಿ, ಕ್ರಿಸ್ತನ ಧರ್ಮ ಬೇರೆ, ಗುಲಾಮರ ಒಡೆಯರ ಧರ್ಮ ಬೇರೆ ಅಂತ ಬಿಚ್ಚಿ ಬರೆದ.

ಧರ್ಮದ ವಾದ ಗೆದ್ದ ಮೇಲೂ ದುಡ್ಡು ಯಾರ ಕೈಗೆ ಹೋಯಿತು ನೋಡಿ. 1833ರ ಬ್ರಿಟಿಷ್ ಕಾಯ್ದೆ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗೆ ಬಿಡಿಗಾಸೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಕಾಯ್ದೆಯಿಂದ ಹೊರಗಿಟ್ಟರು. ನಮ್ಮ ಕೆನರಾದ ಮೂಲದ ಹೊಲೆಯರು ಗುಲಾಮರಾಗಿಯೇ ಉಳಿದರು. 1843ರ ಕಾಯ್ದೆ ಬಂದರೂ ಗೇಯಲು ಸ್ವಂತ ನೆಲ ಎಲ್ಲಿತ್ತು?

1976ರ ಜೀತ ನಿರ್ಮೂಲನ ಕಾಯ್ದೆ ಈ ವಿಷಯದಲ್ಲಿ ಮೇಲು. ಅದು ಜೀತದ ಸಾಲವನ್ನೇ ರದ್ದು ಮಾಡಿತು. ಜಿಲ್ಲಾ ಜಾಗೃತಿ ಸಮಿತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕು ಅಂತಲೂ ಅದರಲ್ಲಿದೆ. ನಮ್ಮ ಜಿಲ್ಲೆಯ ಆ ಮೂವರು ಯಾರು? ಚಿತ್ರದುರ್ಗಕ್ಕೆ ಹೋಗಿ ಕೇಳೋಣ ಅಂತಿದ್ದೇವೆ. ಹಾಸ್ಟೆಲಿನಿಂದ ಯಾರು ಬರ್ತೀರಿ, ಸಭೆ ಮುಗಿದ ಮೇಲೆ ಹೆಸರು ಕೊಡಿ.