ಸೇವೆಗೂ ಕಲಿಕೆ ಬೇಕು

(ಸಂಘದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ಪದವಿ ಮುಗಿಸುತ್ತಿರುವ ನಮ್ಮ ಮಕ್ಕಳನ್ನು "ಮುಂದೇನು?" ಎಂದು ಕೇಳಿದರೆ ಬಿ.ಎಡ್., ಎಂ.ಕಾಂ., ಎಂ.ಬಿ.ಎ. ಎಂಬ ಉತ್ತರ ಬರುತ್ತದೆ. ಎಂ.ಎಸ್.ಡಬ್ಲ್ಯು. ಎನ್ನುವವರು ವಿರಳ. ಯಾರಾದರೂ ಹೇಳಿದರೆ ಮನೆಯಲ್ಲಿ ಮೊದಲ ಪ್ರಶ್ನೆ ಏಳುತ್ತದೆ: "ಸಮಾಜಸೇವೆ ಮಾಡಲು ಡಿಗ್ರಿ ಯಾಕೆ? ನಿನ್ನ ಅಜ್ಜ ಯಾವ ಡಿಗ್ರಿ ಓದಿ ನಾಲ್ಕು ಜನರಿಗೆ ಆಸರೆಯಾಗಿದ್ದರು?" ನನ್ನ ತಂದೆಯವರೂ ಇದನ್ನೇ ಕೇಳಿದ್ದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ನಿಮ್ಮ ಮುಂದೆ ಆ ಉತ್ತರವನ್ನು ಹೇಳಲು ಪ್ರಯತ್ನಿಸುತ್ತೇನೆ.

ಸಮಾಜಸೇವೆ ಬೇರೆ, ಸಮಾಜಕಾರ್ಯ ಬೇರೆ. ಸೇವೆಗೆ ಒಳ್ಳೆಯ ಮನಸ್ಸು ಸಾಕು. ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಸಮಾಜಕಾರ್ಯವಾದರೋ ಒಂದು ವೃತ್ತಿ. ಅದಕ್ಕೆ ಜ್ಞಾನವೂ ಕೌಶಲವೂ ಕಟ್ಟುಪಾಡುಗಳೂ ಇವೆ. ಜ್ವರ ಬಂದವನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವುದು ಪ್ರೀತಿ. ಜ್ವರಕ್ಕೆ ಕಾರಣವೇನೆಂದು ಹುಡುಕುವುದು ವೈದ್ಯ. ಎರಡೂ ಬೇಕು. ಆದರೆ ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ನಮ್ಮ ದೇಶದಲ್ಲಿ ಈ ವೃತ್ತಿಯ ಶಿಕ್ಷಣ ಆರಂಭವಾದದ್ದೂ ಬಡವರ ಬೀದಿಯಲ್ಲೇ. ಮುಂಬಯಿಯ ನಾಗಪಾಡದಲ್ಲಿ ಹಲವು ಧರ್ಮಗಳ ಕಾರ್ಮಿಕರು ಒತ್ತೊತ್ತಾಗಿ ಬದುಕುತ್ತಿದ್ದರು. ಅವರಲ್ಲಿ ಮುಸ್ಲಿಮರೂ ಬಹಳ. ಅಲ್ಲಿ ನೆರೆಹೊರೆಯವರಿಗಾಗಿ ಒಂದು ಕೇಂದ್ರವನ್ನು ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನಿರ್ದೇಶನದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಎಚ್.ಎಂ. ಮರುಳಸಿದ್ದಯ್ಯನವರಂಥ ಪ್ರಾಧ್ಯಾಪಕರು ಈ ವಿಷಯವನ್ನು ಕನ್ನಡದಲ್ಲೇ ಬರೆದರು. ಹಾಗಾಗಿ ಇದು ನಮಗೆ ಹೊಸತೂ ಅಲ್ಲ, ದೂರದ್ದೂ ಅಲ್ಲ.

ಎಂ.ಎಸ್.ಡಬ್ಲ್ಯು. 2 ವರ್ಷಗಳ ಕೋರ್ಸು. ಸಾಮಾನ್ಯವಾಗಿ ಯಾವುದೇ ಪದವಿ ಪಡೆದವರೂ ಅರ್ಜಿ ಹಾಕಬಹುದು. ಒಬ್ಬ ವ್ಯಕ್ತಿಯೊಂದಿಗೆ, ಒಂದು ಗುಂಪಿನೊಂದಿಗೆ, ಇಡೀ ಊರಿನೊಂದಿಗೆ ಹೇಗೆ ಕೆಲಸ ಮಾಡಬೇಕು ಎಂಬುದನ್ನು ಕಲಿಸುತ್ತಾರೆ. ಇದರೊಂದಿಗೆ ಸಂಶೋಧನೆ, ಕಾನೂನು, ಮನಶ್ಶಾಸ್ತ್ರ, ಸಂಸ್ಥೆಗಳ ಆಡಳಿತ. ಆದರೆ ಈ ಕೋರ್ಸಿನ ಜೀವಾಳ ಕ್ಷೇತ್ರಕಾರ್ಯ. ವಾರದಲ್ಲಿ ಸುಮಾರು 2 ದಿನ ನೀವು ತರಗತಿಯಲ್ಲಿರುವುದಿಲ್ಲ. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಕಾಲೊನಿಯಲ್ಲೋ ಇರುತ್ತೀರಿ. ಪ್ರತಿ ಭೇಟಿಗೂ ವರದಿ ಬರೆಯಬೇಕು. ಅದನ್ನು ಮುಂದಿಟ್ಟುಕೊಂಡು ಅಧ್ಯಾಪಕರು ನಿಮ್ಮನ್ನು ಪ್ರಶ್ನಿಸುತ್ತಾರೆ.

ನನ್ನನ್ನೂ ಪ್ರಶ್ನಿಸಿದರು. ಮೊದಲ ವರ್ಷ ನನಗೆ ಸಿಕ್ಕಿದ್ದು ಮಂಗಳೂರಿನ ಹೊರವಲಯದ ಒಂದು ಊರು. 7ನೇ ತರಗತಿಗೆ ಶಾಲೆ ಬಿಟ್ಟಿದ್ದ ಒಬ್ಬ ಹುಡುಗಿಯ ಮನೆಗೆ ಹೋದೆ. ತಾಯಿ ಬೀಡಿ ಕಟ್ಟುತ್ತಿದ್ದರು. ವಿದ್ಯೆಯ ಮಹತ್ವ, ಹೆಣ್ಣುಮಕ್ಕಳ ಭವಿಷ್ಯ, ಇಸ್ಲಾಮಿನಲ್ಲಿ ಜ್ಞಾನಕ್ಕಿರುವ ಸ್ಥಾನ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಆ ತಾಯಿ ತಲೆಯಾಡಿಸಿದರು, ಚಹಾ ಕೊಟ್ಟರು. ನಾನು ಹೆಮ್ಮೆಯಿಂದ ವರದಿ ಬರೆದೆ. ಅಧ್ಯಾಪಕಿ ಓದಿ, "ನೀವು ಮಾತನಾಡಿದ್ದು ಎಷ್ಟು ಹೊತ್ತು? ಅವರು ಮಾತನಾಡಿದ್ದು ಎಷ್ಟು ಹೊತ್ತು?" ಎಂದು ಕೇಳಿದರು. ಮತ್ತೆ, "ಮುಂದಿನ ವಾರ ಹೋಗಿ ಕೇಳಿಸಿಕೊಂಡು ಬನ್ನಿ" ಎಂದರು.

ಮೂರನೇ ಭೇಟಿಯಲ್ಲಿ ಆ ತಾಯಿ ಬಾಯಿಬಿಟ್ಟರು. ಅವರಿಗೆ ದಮ್ಮು. ಮೊದಲಿನಷ್ಟು ಬೀಡಿ ಕಟ್ಟಲಾಗುತ್ತಿರಲಿಲ್ಲ. ಲೆಕ್ಕ ಕಡಿಮೆಯಾದರೆ ಬ್ರಾಂಚಿನಲ್ಲಿ ಮುಂದೆ ಕೊಡುವ ಎಲೆಯೂ ಕಡಿಮೆಯಾಗುತ್ತದೆ ಎಂಬ ಭಯ. ಕಡಿಮೆಯಾದುದನ್ನು ಮಗಳು ತುಂಬುತ್ತಿದ್ದಳು. ವಿದ್ಯೆ ಬೇಡವೆಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ!

ತಾಯಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ಜೂನ್‌ನಲ್ಲಿ ಹುಡುಗಿ ಮತ್ತೆ ಶಾಲೆಗೆ ಹೋದಳು. ನಾನು ವರದಿಯಲ್ಲಿ "ಯಶಸ್ವಿ" ಎಂದು ಬರೆದೆ. ಎರಡನೇ ವರ್ಷದ ತರಗತಿ ಆರಂಭವಾದ ಮೇಲೆ ಒಮ್ಮೆ ಅದೇ ಮನೆಗೆ ಹೋದಾಗ, ಅಕ್ಕ ಕುಳಿತಿದ್ದ ಜಾಗದಲ್ಲಿ ಮೊರ ಹಿಡಿದು 10 ವರ್ಷದ ತಂಗಿ ಕುಳಿತಿದ್ದಳು.

ಅಳುತ್ತಾ ಅಧ್ಯಾಪಕಿಯ ಬಳಿ ಹೋದೆ. ಅವರು, "ಈಗ ನಿಮಗೆ ಸಮಸ್ಯೆ ಕಂಡಿತು. ಕೆಲಸ ಇಲ್ಲಿಂದ ಆರಂಭ" ಎಂದರು. ಆ ಊರಿನ ಜಮಾಅತ್ ರಮಝಾನಿನಲ್ಲಿ ಆ ಮನೆಗೆ ಒಂದು ಕಿಟ್ ಕೊಡುತ್ತಿತ್ತು. ಅದರ ಬದಲಿಗೆ ತಾಯಿಯ ಆರೋಗ್ಯ ಸುಧಾರಿಸುವವರೆಗೆ ತಿಂಗಳು ತಿಂಗಳು ಸ್ವಲ್ಪ ಹಣ ಕೊಡಲು ಸಾಧ್ಯವೇ ಎಂದು ಕೇಳಿದೆವು. ಹಿರಿಯರೊಬ್ಬರು ಒಪ್ಪಿ ಉಳಿದವರನ್ನೂ ಒಪ್ಪಿಸಿದರು. ಅಕ್ಕ 10ನೇ ತರಗತಿ ಮುಗಿಸಿದಳು. ತಂಗಿ ಶಾಲೆಗೆ ಮರಳಿದರೂ ಆಗಾಗ ತಪ್ಪಿಸುತ್ತಿದ್ದಳು. ಎಲ್ಲವೂ ಸರಿಹೋಯಿತು ಎಂದು ನಾನು ಹೇಳಲಾರೆ. ಆದರೆ ತಂದೆಯವರ ಪ್ರಶ್ನೆಗೆ ಉತ್ತರ ನನಗೆ ಆ ಮನೆಯಲ್ಲಿ ಸಿಕ್ಕಿತು. ಮರುಕ ನನ್ನನ್ನು ಆ ಮನೆಯ ಬಾಗಿಲವರೆಗೆ ಕರೆದೊಯ್ದಿತ್ತು. ಒಳಗೆ ಏನು ಮಾಡಬೇಕೆಂಬುದನ್ನು ಕಲಿಯಬೇಕಾಯಿತು.

ಮಾನ್ಯರೇ, ನಮ್ಮ ಸಮುದಾಯದಲ್ಲಿ ಕೊಡುವ ಕೈಗಳಿಗೆ ಕೊರತೆಯಿಲ್ಲ. ಝಕಾತ್ ಇದೆ, ಸದಕಾ ಇದೆ, ವಕ್ಫ್ ಇದೆ. ಕೊರತೆಯಿರುವುದು ಮನೆಮನೆಗೆ ಹೋಗಿ ಕೇಳಿ, ಬರೆದಿಟ್ಟು, ಒಂದು ವರ್ಷದ ನಂತರ ಮತ್ತೆ ಹೋಗಿ ನೋಡುವವರಿಗೆ. 2006ರ ಸಾಚಾರ್ ವರದಿ ದೇಶದ ಮುಸ್ಲಿಮರ ಸ್ಥಿತಿಯನ್ನು ಅಂಕಿ ಅಂಶಗಳಲ್ಲಿ ಮುಂದಿಟ್ಟಿತು. ಆದರೆ ನಮ್ಮ ಮೊಹಲ್ಲಾದ ಒಂದು ಮಗು ಯಾಕೆ ಶಾಲೆ ಬಿಟ್ಟಿತು ಎಂಬುದನ್ನು ಆ ಮನೆಗೇ ಹೋಗಿ ತಿಳಿಯಬೇಕು.

"ಸೇವೆಗೆ ಸಂಬಳವೇ?" ಎಂದು ಕೆಲವರು ಮೂಗು ಮುರಿಯುತ್ತಾರೆ. ಕುರ್‌ಆನಿನ 9ನೇ ಅಧ್ಯಾಯದ 60ನೇ ಸೂಕ್ತವನ್ನು ನೆನಪಿಸಿಕೊಳ್ಳಿ. ಝಕಾತಿಗೆ ಅರ್ಹವಾದ 8 ವರ್ಗಗಳಲ್ಲಿ ಆ ಕೆಲಸಕ್ಕೆ ನಿಯುಕ್ತರಾದವರೂ ಒಂದು ವರ್ಗ. ದುಡಿದವನಿಗೆ ಅದರಿಂದಲೇ ಪಾಲು ಕೊಡುವುದನ್ನು ನಮ್ಮ ಧರ್ಮ ತಪ್ಪೆಂದು ಎಣಿಸಿಲ್ಲ.

ಇನ್ನೊಂದು ಮಾತು. ಫೆಲಿಕ್ಸ್ ಬೀಸ್ಟೆಕ್ ಎಂಬ ವಿದ್ವಾಂಸರು 1957ರಲ್ಲಿ ಬರೆದ 7 ತತ್ವಗಳನ್ನು ಈ ಕೋರ್ಸಿನಲ್ಲಿ ಕಲಿಸುತ್ತಾರೆ. ಅವುಗಳಲ್ಲಿ ಒಂದು ಗೌಪ್ಯತೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮದ್ರಸದಲ್ಲೇ ಕಲಿತ ನಾವು, ಹೊಲಿಗೆ ಯಂತ್ರ ಪಡೆಯುವ ವಿಧವೆಯನ್ನು ವೇದಿಕೆಗೆ ಕರೆದು ಫೋಟೊ ತೆಗೆಯುತ್ತೇವೆ. ಆಕೆಗೆ ಹೊಲಿಗೆ ಬರುತ್ತದೆಯೇ ಎಂದು ಎಷ್ಟು ಬಾರಿ ಕೇಳಿದ್ದೇವೆ?

ವಿದ್ಯಾರ್ಥಿಗಳೇ, ಉದ್ಯೋಗದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆಸ್ಪತ್ರೆಗಳು, ಮಕ್ಕಳ ರಕ್ಷಣಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳು, ಕಂಪೆನಿಗಳ ಮಾನವ ಸಂಪನ್ಮೂಲ ವಿಭಾಗಗಳಲ್ಲಿ ಅವಕಾಶಗಳಿವೆ. 1948ರ ಕಾರ್ಖಾನೆ ಕಾಯ್ದೆಯೇ 500 ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದಿತ್ತು. 2015ರ ಬಾಲನ್ಯಾಯ ಕಾಯ್ದೆಯಂತೆ ಮಂಡಳಿಯಲ್ಲಿ ನ್ಯಾಯಾಧೀಶರೊಂದಿಗೆ 2 ಸಮಾಜ ಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಸ್ಥಾನವಿದೆ. ಆದರೆ ಹಲವು ಹುದ್ದೆಗಳು ಗುತ್ತಿಗೆಯವು. ಆರಂಭದ ಸಂಬಳ ಹೆಚ್ಚಿರುವುದಿಲ್ಲ. ಬಿಸಿಲಿನಲ್ಲಿ ನಡೆಯಬೇಕು. ಬೇರೆಯವರ ದುಃಖ ಕೇಳಿ ಮನೆಗೆ ಬಂದರೆ ಕೆಲವು ರಾತ್ರಿ ನಿದ್ದೆ ಬಾರದು. ಇದಕ್ಕೆ ಸಿದ್ಧರಿದ್ದರೆ ಮಾತ್ರ ಬನ್ನಿ.

ಬರುವುದಾದರೆ, ಸೇರುವ ಮುನ್ನ ಕಾಲೇಜಿನಲ್ಲಿ ಮೂರು ವಿಷಯ ಕೇಳಿ: ಮಾನ್ಯತೆ ಇದೆಯೇ? ಕ್ಷೇತ್ರಕಾರ್ಯಕ್ಕೆ ಯಾವ ಸಂಸ್ಥೆಗಳಿಗೆ ಕಳುಹಿಸುತ್ತಾರೆ? ನಿಮ್ಮ ವರದಿಯನ್ನು ಯಾರು ಓದುತ್ತಾರೆ? ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಾಲೇಜು ನೋಡಿ.

ಹೆಣ್ಣುಮಕ್ಕಳ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮನೆ ಮನೆ ಸುತ್ತುವ ಓದು ಎಂದು ಹಿಂಜರಿಯಬೇಡಿ. ಪುರುಷರು ಹೋಗಲಾಗದ ಒಳಮನೆಗೆ ನಿಮ್ಮ ಮಗಳು ಹೋಗಬಲ್ಲಳು. ಅಲ್ಲಿ ಬ್ಯಾರಿ, ಉರ್ದು, ಕನ್ನಡ ಯಾವುದರಲ್ಲಿ ಅತ್ತರೂ ಆಕೆಗೆ ಅರ್ಥವಾಗುತ್ತದೆ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ವರ್ಷಕ್ಕೆ ಇಬ್ಬರು ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳಿಗೂ ನೆರವು ನೀಡಿ. ಓದು ಮುಗಿದ ಮೇಲೆ ಅವರಲ್ಲಿ ಒಬ್ಬರಿಗಾದರೂ ಸಂಘದಲ್ಲೇ ಒಂದು ಕುರ್ಚಿ, ಒಂದು ನೋಂದಣಿ ಪುಸ್ತಕ, ಮರ್ಯಾದೆಯ ಸಂಬಳ ಕೊಡಿ. ಇಂದು ನಾವು ವಿತರಿಸಿದ ಚೆಕ್ಕುಗಳು ಆ ಮಕ್ಕಳ ಮನೆಗಳಲ್ಲಿ ಏನು ಮಾಡಿದವು ಎಂಬುದನ್ನು ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಅವರು ನಮಗೆ ತಿಳಿಸಲಿ. ಯಾವ ಮೊರದ ಮುಂದೆ ಯಾವ ತಂಗಿ ಕುಳಿತಿದ್ದಾಳೆ ಎಂಬುದು ನಮಗೆ ಗೊತ್ತಾಗಲಿ.

ಅಲ್ಲಾಹನು ನಮ್ಮ ಸಂಕಲ್ಪಗಳನ್ನು ಸ್ವೀಕರಿಸಲಿ, ಆಮೀನ್. ವಸ್ಸಲಾಮ್.