ಹಳೇ ಉತ್ತರಪತ್ರಿಕೆ

ಜೂನ್ ಬಂತೆಂದರೆ ಬಡಾವಣೆಯ ಕಂಬ ಕಂಬಕ್ಕೂ ಟ್ಯೂಷನ್ ಬೋರ್ಡು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 620 ತೆಗೆದವರ ಫೋಟೋ ಬೇರೆ. ಆ ಮಕ್ಕಳು ಮೊದಲೇ ಜಾಣರಾಗಿದ್ದರೋ ಏನೋ, ಬೋರ್ಡು ಅದನ್ನು ಹೇಳುವುದಿಲ್ಲ.

ನಿಮ್ಮ ಮಗಳಿಗೆ ಎಂಟನೇ ತರಗತಿಯ ಬೀಜಗಣಿತ ತಲೆಗೆ ಹತ್ತುತ್ತಿಲ್ಲ ಅನ್ನಿ. ಟ್ಯೂಷನ್ ಹೇಳುವವರಲ್ಲಿ ಕೆಲವರು ಬಂದವರೇ, "ಯಾವ ಪಾಠ ನಡೀತಿದೆ?" ಎಂದು ಕೇಳಿ ಶುರುಮಾಡುತ್ತಾರೆ. ಇನ್ನು ಕೆಲವರು, "ಹಳೇ ಉತ್ತರಪತ್ರಿಕೆ ಇದ್ರೆ ಕೊಡಮ್ಮ" ಎನ್ನುತ್ತಾರೆ. ತಪ್ಪಾದ ಲೆಕ್ಕಗಳನ್ನೇ ನಿಧಾನವಾಗಿ ನೋಡುತ್ತಾರೆ. ಅಲ್ಲಿ ಒಂದು ಬೈ ಎರಡಕ್ಕೆ ಒಂದು ಬೈ ಮೂರು ಕೂಡಿಸಿ, ಎರಡು ಬೈ ಐದು ಎಂದು ಬರೆದಿರುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ತೊಡಕು ಬೀಜಗಣಿತದ್ದಲ್ಲ, ಹಿಂದೆಂದೋ ಅರ್ಥವಾಗದೆ ಉಳಿದ ಭಿನ್ನರಾಶಿಯದು. ನನ್ನ ಒಲವು ಈ ಎರಡನೆಯವರ ಕಡೆಗೆ.

ಶಾಲೆಯ ಮೇಷ್ಟ್ರನ್ನೇ ಕರೆಯೋಣ ಅನ್ನಿಸಬಹುದು. ಆದರೆ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅವರನ್ನು ಶಾಲೆಯಲ್ಲೇ ಕೇಳಬಹುದಲ್ಲ, ಅದಕ್ಕೆ ಫೀಸಿಲ್ಲ.

ಒಂದು ತಿಂಗಳು ಕಳೆದ ಮೇಲೆ ಟ್ಯೂಷನ್ ನೋಟ್‌ಬುಕ್ಕು ತೆರೆದು ನೋಡಿ. ಅದರಲ್ಲಿ ಯಾರ ಅಕ್ಷರ ಹೆಚ್ಚು? ಮೇಷ್ಟ್ರದೇ ಆಗಿದ್ದರೆ, ಲೆಕ್ಕ ಮಾಡುತ್ತಿರುವವರು ಅವರೇ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದೊಂದು ಲೆಕ್ಕ ನನಗೆ ಹೇಳಿಕೊಡು" ಅನ್ನಿ. ಅವಳು ತಡವರಿಸಲಿ, ಪರವಾಗಿಲ್ಲ. "ಯಾಕೆ ಹೀಗೆ?" ಎಂಬ ಪ್ರಶ್ನೆಗೆ "ಸಾರ್ ಹಾಗೇ ಹೇಳಿದ್ರು" ಎಂದಷ್ಟೇ ಉತ್ತರ ಬಂದರೆ ಮೇಷ್ಟ್ರೊಡನೆ ಮಾತಾಡಿ. ಅಲ್ಲಿಯವರೆಗೆ ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.